ಪೆಪ್ಪರ್‌ಮೆಂಟಮ್ಮನ ಸ್ಕ್ಯಾನಿಂಗು

ಹನ್ನೊಂದು ದಿನದಿಂದ ಆ ಮನೆಯ ಗಂಡ ಹೆಂಡತಿಯ ನಡುವೆ ಎರಡೇ ಎರಡು ಮಾತು ಓಡಾಡುತ್ತಿದ್ದವು. ಎರಡೂ ಹೆಂಡತಿಯವು. ಒಂದು "ಹಸಿ", ಇನ್ನೊಂದು "ಇಳಿಸಿ". ಗಂಡನ ಕಡೆಯಿಂದ ಸೌಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಪೆಪ್ಪರ್‌ಮೆಂಟು ಮಾಡುವ ಮನೆ ಅದು. ಕೆಳಗೆ ಕಾರ್ಖಾನೆ, ಮೇಲೆ ವಾಸ, ನಡುವೆ ಹದಿನೆಂಟು ಮೆಟ್ಟಿಲು. ಕಾರ್ಖಾನೆ ಎನ್ನುವುದು ಬೋರ್ಡಿನ ಮೇಲೆ ಮಾತ್ರ. ಒಳಗಿರುವುದು ಒಂದು ದೊಡ್ಡ ಒಲೆ, ತಾಮ್ರದ ಕೊಪ್ಪರಿಗೆ, ಎಣ್ಣೆ ಸವರಿದ ಕಲ್ಲಿನ ಮೇಜು, ಪಾಕ ಎಳೆಯಲು ಗೋಡೆಗೆ ಹೊಡೆದ ಒಂದು ಕೊಕ್ಕೆ, ಬಿಲ್ಲೆ ಕತ್ತರಿಸುವ ಕೈಯಂತ್ರ. ಸಕ್ಕರೆ ಪಾಕ ಕುದಿದು ಹದಕ್ಕೆ ಬರುವ ಹೊತ್ತಿಗೆ ಯಜಮಾನರು ಸೌಟಿನ ತುದಿಯಿಂದ ಒಂದು ತೊಟ್ಟನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ಕೂತ ಹೆಂಡತಿ ಅದನ್ನೆತ್ತಿ ಹಲ್ಲಲ್ಲಿ ಕಚ್ಚುತ್ತಾರೆ. ಹಲ್ಲಿಗೆ ಅಂಟಿಕೊಂಡರೆ ಹಸಿ. ಗಾಜಿನ ಹಾಗೆ ಟಕ್ಕೆಂದು ಒಡೆದರೆ ಕೊಪ್ಪರಿಗೆ ಇಳಿಸಬೇಕು. ಒಂದು ನಿಮಿಷ ಹೆಚ್ಚುಕಮ್ಮಿಯಾದರೂ ಅಷ್ಟೂ ಮಾಲು ಹಾಳು. ಮೂವತ್ತೆರಡು ವರ್ಷದಿಂದ ಅದೇ ಸ್ಟೂಲು, ಅದೇ ಹಲ್ಲು. ಬೀದಿಯವರೆಲ್ಲ ಆಕೆಯನ್ನು ಪೆಪ್ಪರ್‌ಮೆಂಟಮ್ಮ ಎಂದೇ ಕರೆಯುವುದು.

"ಶಾಖ ನೋಡೋ ಥರ್ಮಾಮೀಟರು ಒಂದಿತ್ತು, ಅಟ್ಟಕ್ಕೆ ಎಸೆದೆ," ಎಂದು ಯಜಮಾನರು ಬಂದವರಿಗೆಲ್ಲ ಹೇಳುವುದಿತ್ತು. "ಥಂಡಿ ಇದ್ದ ದಿನ ಒಂದು ಹೇಳುತ್ತೆ, ಬಿಸಿಲಿದ್ದ ದಿನ ಇನ್ನೊಂದು. ನಮ್ಮನೆಯವಳ ಹಲ್ಲು ಸುಳ್ಳು ಹೇಳಲ್ಲ ನೋಡಿ."

ಜಗಳ ಹುಟ್ಟಿದ್ದು ಊಟದ ಮೇಜಿನ ಮೇಲೆ. ಹೋಟೆಲಿನವರ ಒಂದು ದೊಡ್ಡ ಆರ್ಡರು ಬಂದಿತ್ತು. ಬಂದ ಗಿರಾಕಿಗಳು ಬಾಯಿಗೆ ಹಾಕಿಕೊಳ್ಳಲಿ ಎಂದು ಕೌಂಟರಿನ ಮೇಲೆ ಬಟ್ಟಲು ತುಂಬಿಸಿಡುತ್ತಾರಲ್ಲ, ಅದಕ್ಕೆ.

"ನಾಳೆಯಿಂದ ದಿನಕ್ಕೆ ಎರಡು ಕೊಪ್ಪರಿಗೆ," ಎಂದರು ಯಜಮಾನರು, ಸಾರು ಕಲಸಿಕೊಳ್ಳುತ್ತ.

"ನನ್ನ ಕೈಲಾಗಲ್ಲ ರೀ," ಎಂದರು ಹೆಂಡತಿ. "ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದ ಹಾಗಾಗುತ್ತೆ. ದವಡೆ ಸೆಳೆಯುತ್ತೆ."

"ದವಡೆಗೆ ಹಲ್ಲು ಕೀಳಿಸಿ ಆಯ್ತಲ್ಲ?"

ಅದೂ ನಿಜವೇ. ಎರಡು ತಿಂಗಳ ಹಿಂದೆ ದವಡೆ ನೋವು ಎಂದಾಗ ಮನೆಯವರೆಲ್ಲ ಒಂದೇ ಬಾಯಲ್ಲಿ, ಇಷ್ಟು ವರ್ಷ ಪಾಕ ಕಚ್ಚಿದ ಹಲ್ಲು ಕೆಡದೆ ಇರುತ್ತದೆಯೇ ಎಂದಿದ್ದರು. ಹಲ್ಲಿನ ಡಾಕ್ಟರು ಎಡಗಡೆಯದೊಂದನ್ನು ಕಿತ್ತರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಪೆಪ್ಪರ್‌ಮೆಂಟಮ್ಮ ಬಲಗಡೆಯಿಂದ ಕಚ್ಚಲು ಶುರುಮಾಡಿದರು.

"ಇಸಿಜಿನೂ ತೆಗೆಸಿ ಆಯ್ತು," ಯಜಮಾನರು ಮುಂದುವರಿಸಿದರು. "ಗೆರೆ ಸರಿಯಾಗಿದೆ, ಏನೂ ಇಲ್ಲ ಅಂದ್ರು. ಯಂತ್ರಕ್ಕೆ ನಿನ್ನ ಮೇಲೇನು ದ್ವೇಷನಾ?"

"ನೋವು ಬಂದಿದ್ದು ಹಿಂದಿನ ದಿನ. ಇಸಿಜಿ ತೆಗೆದಿದ್ದು ಮರುದಿನ. ಅಷ್ಟೊತ್ತಿಗೆ ನಿಂತುಹೋಗಿತ್ತು."

"ಆರ್ಡರು ಬಂದ ತಕ್ಷಣ ಮತ್ತೆ ಬಂತಾ? ಎಂಥ ಬುದ್ಧಿವಂತ ನೋವು ಕಣೇ ಇದು! ಕೆಲಸ ಹೆಚ್ಚಾಗುತ್ತೆ ಅಂತ ನಾಟಕ ಆಡೋದಾದ್ರೆ ನೇರ ಹೇಳು."

ಪೆಪ್ಪರ್‌ಮೆಂಟಮ್ಮ ತಟ್ಟೆ ಬಿಟ್ಟು ಎದ್ದರು. ಮಗ "ಅಪ್ಪಾ, ಏನಪ್ಪಾ ನೀನು" ಎಂದು ತಲೆ ತಗ್ಗಿಸಿ ಊಟ ಮುಂದುವರಿಸಿದ. ಕಿಟಕಿಯ ಪಕ್ಕ ಕೂತಿದ್ದ ಎಂಬತ್ತಾರರ ಅಜ್ಜಿ, ಯಜಮಾನರ ತಾಯಿ, ಕೆನ್ನೆಯಲ್ಲಿದ್ದ ಪೆಪ್ಪರ್‌ಮೆಂಟನ್ನು ಎಡದಿಂದ ಬಲಕ್ಕೆ ದಾಟಿಸಿ, "ಲೋ, ತಟ್ಟೆ ಮುಂದೆ ಕೂತವಳನ್ನ ಎಬ್ಬಿಸಿದೆಯಲ್ಲೋ" ಎಂದಳು. ಅಲ್ಲಿಂದ ಮಾತು ನಿಂತಿತು. ಮಾರನೆಯ ದಿನ ಬೆಳಿಗ್ಗೆ ಮಾತ್ರ ಹೆಂಡತಿ ಸಮಯಕ್ಕೆ ಸರಿಯಾಗಿ ಬಂದು ಸ್ಟೂಲಿನ ಮೇಲೆ ಕೂತರು. ದಿನಕ್ಕೆ ಎರಡು ಕೊಪ್ಪರಿಗೆ ನಡೆದೇ ನಡೆಯಿತು.

ಹನ್ನೆರಡನೆಯ ದಿನ ಸೊಸೆ ಕೆಲಸದಿಂದ ಬೇಗ ಬಂದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವಳದು. ಆರು ತಿಂಗಳ ಬಸುರಿ. ಬಂದು ನೋಡಿದರೆ ಅತ್ತೆ ಒಂಬತ್ತನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ, ಕೈ ದವಡೆಯ ಮೇಲೆ, ಹಣೆ ತುಂಬ ಬೆವರು.

"ಅತ್ತೆ! ಏನಾಯ್ತು?"

"ಏನಿಲ್ಲ. ಕೂತಿದ್ದೀನಿ."

"ಮೆಟ್ಟಿಲ ಮೇಲಾ?"

"ಮೆಟ್ಟಿಲು ನಮ್ಮದೇ ಅಲ್ವೇನೆ, ಬಾಡಿಗೆ ಕೇಳ್ತೀಯಾ?"

ಸೊಸೆ ನಗಲಿಲ್ಲ. ಆಟೋ ಕರೆಸಿದಳು.

ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರು ಒಬ್ಬ ಹೆಂಗಸು, ತಾಳ್ಮೆಯವರು. ಎರಡು ದಿನ ಇರಿಸಿಕೊಂಡು ರಕ್ತ ನೋಡಿದರು, ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿದರು. ಅದು ಹೀಗೂ ಅಲ್ಲ ಹಾಗೂ ಅಲ್ಲ ಎಂದು ಬಂತು. ಮಾತ್ರೆ ಬರೆದುಕೊಟ್ಟು, ನೋವು ಬಂದರೆ ನಾಲಿಗೆಯ ಅಡಿಗೆ ಇಟ್ಟುಕೊಳ್ಳಲು ಬೇರೆ ಮಾತ್ರೆ ಕೊಟ್ಟು, ಇನ್ನೊಂದು ಪರೀಕ್ಷೆ ಮಾಡೋಣ ಎಂದರು.

"ನೋಡಿ ಅಮ್ಮಾ," ಎಂದು ಕಾಗದದ ಮೇಲೆ ಹೃದಯ ಬರೆದು ತೋರಿಸಿದರು. "ಹೊಟ್ಟೆ ಖಾಲಿ ಇದ್ದಾಗ ಹೃದಯ ಕೊಬ್ಬನ್ನ ಉರಿಸ್ಕೊಂಡು ಕೆಲಸ ಮಾಡುತ್ತೆ. ಯಾವ ಭಾಗಕ್ಕೆ ರಕ್ತ ಸಾಲಲ್ವೋ, ಆ ಭಾಗ ಮಾತ್ರ ಸಕ್ಕರೆ ಬೇಕು ಅನ್ನುತ್ತೆ. ನೋವು ನಿಂತ ಮೇಲೂ ಸುಮಾರು ಹೊತ್ತು ಅದು ಸಕ್ಕರೆ ಎಳ್ಕೊಳ್ತಾನೇ ಇರುತ್ತೆ. ನಾವು ಸಕ್ಕರೆಯಂಥ ಒಂದು ಔಷಧಿಗೆ ಗುರುತು ಹಚ್ಚಿ ರಕ್ತಕ್ಕೆ ಬಿಡ್ತೀವಿ. ಎಳ್ಕೊಂಡ ಭಾಗ ಫೋಟೋದಲ್ಲಿ ಹೊಳೆಯುತ್ತೆ."

"ಇಸಿಜಿಲಿ ಏನೂ ಇಲ್ಲ ಅಂದಿದ್ರು," ಎಂದಳು ಸೊಸೆ.

"ಇಸಿಜಿ ಆ ಗಳಿಗೆದು ಹೇಳುತ್ತೆ. ಇದು ಸ್ವಲ್ಪ ಹಿಂದಿಂದೂ ಹೇಳುತ್ತೆ."

ಪೆಪ್ಪರ್‌ಮೆಂಟಮ್ಮ ಆ ಕಾಗದವನ್ನೇ ನೋಡುತ್ತಿದ್ದರು. "ಅಂದ್ರೆ ನೋವು ಬಂದಿದ್ದು ಸುಳ್ಳಾ ನಿಜಾನಾ ಅಂತ ಗೊತ್ತಾಗಿಬಿಡುತ್ತಾ?"

ಡಾಕ್ಟರು ಅವರ ಮುಖ ನೋಡಿದರು. "ಸುಳ್ಳು ಅಂತ ನಾನು ಅಂದ್ಕೊಂಡಿಲ್ಲಮ್ಮ."

"ನೀವಲ್ಲ ಬಿಡಿ."

ಪಥ್ಯ ಬಿಗಿಯಾಗಿತ್ತು. ಹಿಂದಿನ ದಿನ ಪೂರ್ತಿ ಸಕ್ಕರೆ, ಅನ್ನ, ಬ್ರೆಡ್ಡು, ಹಣ್ಣು, ಹಾಲು ಏನೂ ಕೂಡದು. ಮೊಟ್ಟೆ, ಮೀನು, ಬೆಣ್ಣೆ ಎಷ್ಟಾದರೂ ಆಗಬಹುದು. ಸಂಜೆ ಆರರ ಮೇಲೆ ನೀರು ಮಾತ್ರ. ತಪ್ಪಿದರೆ ಇಡೀ ಹೃದಯ ಸಕ್ಕರೆಗೆ ತಿರುಗಿಕೊಂಡು ಇಡೀ ಚಿತ್ರ ಬೆಳಗಿಬಿಡುತ್ತದೆ, ಹಸಿದ ಭಾಗ ಯಾವುದು, ಹೊಟ್ಟೆ ತುಂಬಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಔಷಧಿ ಬೇರೆ ಊರಿಂದ ಅವತ್ತೇ ಬೆಳಿಗ್ಗೆ ಬರಬೇಕು, ಅವತ್ತೇ ಮುಗಿಯಬೇಕು. ಇನ್ನೊಂದು ಮಾತು: ಔಷಧಿಯಲ್ಲಿ ವಿಕಿರಣ ಇರುವುದರಿಂದ ಚುಚ್ಚಿಸಿಕೊಂಡವರು ಸಂಜೆಯವರೆಗೆ ಬಸುರಿಯರಿಂದ ದೂರ ಇರಬೇಕು.

"ಹಾಗಾದ್ರೆ ನಾನು ಜೊತೆಗೆ ಬರೋ ಹಾಗಿಲ್ಲ," ಎಂದಳು ಸೊಸೆ.

ನರ್ಸು ಫಾರಂ ತುಂಬಿಸಿಕೊಳ್ಳುತ್ತ ಕೇಳಿದಳು, "ಏನ್ ಕೆಲಸ ಮಾಡ್ತೀರಮ್ಮ?"

"ಮನೇಲೇ ಇರ್ತೀನಿ," ಎಂದರು ಪೆಪ್ಪರ್‌ಮೆಂಟಮ್ಮ. ನರ್ಸು ಗೃಹಿಣಿ ಎಂದು ಬರೆದಳು.

ಸೊಸೆ ಪಥ್ಯದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆ ದಿನ ಅತ್ತೆಯ ಬಾಯಿಗೆ ಹೋಗುವುದನ್ನೆಲ್ಲ ಅದರ ಕೆಳಗೆ ಬರೆಯುವುದು ಅವಳ ಏರ್ಪಾಡು. ಮೊಟ್ಟೆ ಎರಡು. ಕರಿದ ಮೀನು. ಬೆಣ್ಣೆಯಲ್ಲಿ ಬಾಡಿಸಿದ ಸೊಪ್ಪು. ಮತ್ತೆ ಮೊಟ್ಟೆ.

"ಇನ್ನೊಂದು ಮೊಟ್ಟೆ ಕೊಟ್ರೆ ಕೊಕ್ಕೋ ಅನ್ನಕ್ಕೆ ಶುರುಮಾಡ್ತೀನಿ ಕಣೇ," ಎಂದರು ಅತ್ತೆ.

"ಅನ್ನಿ. ಅನ್ನ ಮಾತ್ರ ಕೇಳಬೇಡಿ."

ಮಾರನೆಯ ದಿನ ಗಂಡ ಹೆಂಡತಿ ಆಟೋದ ಎರಡು ತುದಿಯಲ್ಲಿ ಕೂತು ಆಸ್ಪತ್ರೆಗೆ ಹೋದರು. ಮಗನಿಗೆ ಹೋಟೆಲುಗಳಿಗೆ ಮಾಲು ತಲುಪಿಸುವುದಿತ್ತು. ಇಲ್ಲದಿದ್ದರೆ ಅವನೇ ಹೋಗುತ್ತಿದ್ದ. ಪಟ್ಟಿಯ ಮೇಲೆ ನಡೆಸಿ, ನಡೆಯುವಾಗಲೇ ಸೂಜಿಯಿಂದ ಔಷಧಿ ಬಿಟ್ಟು, ಒಂದು ಗಂಟೆ ಮಲಗಿಸಿ, ಆಮೇಲೆ ದೊಡ್ಡ ಉಂಗುರದಂಥ ಯಂತ್ರದೊಳಗೆ ತಳ್ಳಿದರು. ಫೋಟೋ ತೆಗೆಯುವ ಹುಡುಗಿ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ನಿನ್ನೆ ಏನು ತಿಂದ್ರಿ ಅಮ್ಮಾ?"

"ಮೊಟ್ಟೆ."

"ಮೊಟ್ಟೆ ಮಾತ್ರಾನಾ? ಪೂರ್ತಿ ಹೃದಯ ದೀಪ ಹಚ್ಚಿಟ್ಟ ಹಾಗೆ ಉರೀತಿದೆ."

ಹೊರಗೆ ಕೂತಿದ್ದ ಯಜಮಾನರಿಗೆ ಅಷ್ಟು ಸಾಕಾಯಿತು. ಸಂಜೆ ಆರು ದಾಟಿದ ಮೇಲೆ ಮನೆಗೆ ಬಂದು ಕಾಫಿಗೆ ಎಲ್ಲರೂ ಕೂತಾಗ ಶುರುಮಾಡಿದರು, ಹೆಂಡತಿಗಲ್ಲ, ಗೋಡೆಗೆ ಹೇಳುವ ಹಾಗೆ. "ಸಿಕ್ಕಿಹಾಕ್ಕೋತೀನಿ ಅಂತ ಭಯ. ಅದಕ್ಕೆ ಬೇಕಂತಲೇ ತಿಂದಿದ್ದಾಳೆ."

"ಏನು ತಿಂದೆ ನಾನು?" ಪೆಪ್ಪರ್‌ಮೆಂಟಮ್ಮನ ಧ್ವನಿ ಏರಿತು. "ಹೇಳಿ, ಏನು ತಿಂದೆ?"

"ಅದನ್ನ ನೀನು ಹೇಳ್ಬೇಕು."

"ಅಜ್ಜಿ," ಎಂದು ಮಗ ತಿರುಗಿದ, "ನೀನೇನಾದ್ರೂ ಅಮ್ಮಂಗೆ ಪೆಪ್ಪರ್‌ಮೆಂಟು ಕೊಟ್ಯಾ?"

"ನನ್ನ ಪೆಪ್ಪರ್‌ಮೆಂಟು ನಾನ್ಯಾಕೋ ಕೊಡಲಿ?" ಅಜ್ಜಿ ಸೀರೆಯ ಗಂಟನ್ನು ಭದ್ರವಾಗಿ ಹಿಡಿದುಕೊಂಡಳು. "ಈ ಮನೇಲಿ ನನ್ನದು ಅಂತ ಇರೋದೇ ಇಷ್ಟು."

ಸೊಸೆ ಫ್ರಿಜ್ಜಿನ ಚೀಟಿ ಕಿತ್ತು ತಂದು ಮೇಜಿನ ಮೇಲಿಟ್ಟಳು. "ಮಾವ, ನಾನು ಬರ್ದಿದ್ದೀನಿ. ಒಂದು ಅಗುಳು ಅನ್ನ ಇಲ್ಲ ಇದ್ರಲ್ಲಿ."

"ನೀನು ನೋಡದೆ ಇದ್ದಾಗ?"

ಪೆಪ್ಪರ್‌ಮೆಂಟಮ್ಮ ಎದ್ದು ನಿಂತರು. ಕೂಗಲಿಲ್ಲ. "ನನ್ನ ಎದೆಯಲ್ಲಿ ನೋವಿದೆ ಅಂದೆ, ನಂಬಲಿಲ್ಲ. ನಾನು ತಿಂದಿಲ್ಲ ಅಂತಿದ್ದೀನಿ, ನಂಬ್ತಿಲ್ಲ. ಇನ್ನು ಸ್ಕ್ಯಾನಿಂಗೂ ಬೇಡ, ಏನೂ ಬೇಡ. ಹೇಗಿದ್ರೆ ಹಾಗಿರ್ತೀನಿ." ಕಾಫಿ ಲೋಟ ತೊಳೆದಿಟ್ಟು ಒಳಗೆ ಹೋದರು.

ಈ "ಏನೂ ಬೇಡ" ಸೊಸೆಯನ್ನು ಹೆದರಿಸಿತು. ಅತ್ತೆ ಹಟ ಹಿಡಿದರೆ ಏನೆಂದು ಅವಳಿಗೆ ಗೊತ್ತು. ಡಾಕ್ಟರಿಗೆ ಫೋನು ಮಾಡಿ ಎರಡು ವಾರ ಬಿಟ್ಟು ಇನ್ನೊಂದು ದಿನ ಗೊತ್ತುಮಾಡಿದಳು. ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ.

ಕನ್ನಡಕದ ಅಂಗಡಿಗೆ ರಜೆಯಿದ್ದ ಒಂದು ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅತ್ತೆಯ ಮಾತ್ರೆ ಮತ್ತು ನೀರು ಹಿಡಿದು ಸೊಸೆ ಕೆಳಗಿಳಿದಳು. ಸಾಮಾನ್ಯವಾಗಿ ಆ ಹೊತ್ತಿಗೆ ಅವಳು ಕೆಲಸದಲ್ಲಿರುತ್ತಾಳೆ. ಮದುವೆಯಾಗಿ ಎರಡು ವರ್ಷವಾದರೂ ಪಾಕ ಹದಕ್ಕೆ ಬರುವುದನ್ನು ನಿಂತು ನೋಡಿದವಳಲ್ಲ. ಕೊಪ್ಪರಿಗೆ ಬುಸುಗುಡುತ್ತಿತ್ತು. ಮಾವ ಒಂದು ತೊಟ್ಟನ್ನು ನೀರಿಗೆ ಬಿಟ್ಟರು. ಅತ್ತೆ ಎತ್ತಿ ಕಚ್ಚಿದರು.

"ಹಸಿ."

ಇನ್ನೊಂದು ತೊಟ್ಟು. ಎತ್ತಿದರು, ಕಚ್ಚಿದರು. "ಹಸಿ."

ಮತ್ತೊಂದು. ಮಗದೊಂದು. ಸೊಸೆ ಬಾಗಿಲಲ್ಲೇ ನಿಂತಳು. ಅತ್ತೆಯ ಗಂಟಲು ಪ್ರತಿ ಸಲವೂ ಮೇಲೆ ಕೆಳಗೆ ಆಡುತ್ತಿತ್ತು. ಒಂಬತ್ತನೆಯದಕ್ಕೆ ಟಕ್ಕೆಂದಿತು. "ಇಳಿಸಿ."

"ಅತ್ತೆ," ಎಂದಳು ಸೊಸೆ ಮೆಲ್ಲಗೆ, "ಸ್ಕ್ಯಾನಿಂಗಿನ ಹಿಂದಿನ ದಿನ ಕೊಪ್ಪರಿಗೆ ಇಟ್ಟಿದ್ರಾ?"

"ಇಡದೆ? ಎರಡಿತ್ತು. ಆರ್ಡರು ಇತ್ತಲ್ಲ."

"ಅವತ್ತೂ ಹೀಗೇ ಕಚ್ಚಿ ನೋಡಿದ್ರಾ?"

"ಕಚ್ಚದೆ ಹೆಂಗೆ ಗೊತ್ತಾಗುತ್ತೆ?"

"ಅದನ್ನ ಉಗುಳ್ತೀರಾ?"

"ಉಗುಳೋದಾ!" ಪೆಪ್ಪರ್‌ಮೆಂಟಮ್ಮನಿಗೆ ನಿಜವಾಗಿಯೂ ಆಘಾತವಾಯಿತು. "ಮಾಲು ಕಣೇ ಅದು!"

"ಅತ್ತೆ, ಅದು ಸಕ್ಕರೆ."

"ಸಕ್ಕರೆ ಎಲ್ಲಿ ಬಂತು? ಪಾಕ ಹದ ನೋಡೋದು ಅದು. ಕೆಲಸ. ನಾನೇನು ಬಾಯಿ ಚಪಲಕ್ಕೆ..." ಎನ್ನುತ್ತ ಹೋದವರು ಅಲ್ಲೇ ನಿಂತರು. ಕೈ ತಣ್ಣೀರಿನ ಬಟ್ಟಲಿನಲ್ಲೇ ಉಳಿಯಿತು. "ಅಯ್ಯೋ," ಎಂದರು. "ಅಯ್ಯೋ ನನ್ನ ಕರ್ಮವೇ. ಹದಿನೆಂಟು ಸಲ."

ಯಜಮಾನರು ಕೊಪ್ಪರಿಗೆಯ ಕಿವಿ ಹಿಡಿದು ನಿಂತಿದ್ದರು. ಇಳಿಸಿದ ಪಾಕವನ್ನು ಕೂಡಲೇ ಕಲ್ಲಿಗೆ ಸುರಿಯಬೇಕು, ಸುರಿಯಲಿಲ್ಲ. ಬೇಕಂತಲೇ ತಿಂದಿದ್ದಾಳೆ ಎಂದು ಅವರು ಅಂದಿದ್ದರಲ್ಲ. ತಿನ್ನಿಸಿದವರು ಯಾರು ಎಂಬುದು ಅವರ ಕೈಯ ಸೌಟಿನಲ್ಲೇ ಇತ್ತು. ಸೊಸೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಧ್ಯಾಹ್ನ ಸುದ್ದಿ ಕೇಳಿದ ಅಜ್ಜಿ ಬಿಡುವ ಪೈಕಿಯೇ?

"ಅಲ್ವೋ, ಹೆಂಡ್ತಿ ಹಲ್ಲು ನಂಬ್ಕೊಂಡು ಥರ್ಮಾಮೀಟರನ್ನ ಅಟ್ಟಕ್ಕೆ ಎಸೆದೋನು ನೀನು. ಅದೇ ಬಾಯಿ ನೋವು ಅಂದ್ರೆ ಯಂತ್ರಾನ ಕೇಳ್ಬೇಕು ಅಂತೀಯ. ಹಲ್ಲು ಬೇರೆಯವಳದಾ, ನಾಲಿಗೆ ಬೇರೆಯವಳದಾ?"

"ಅಮ್ಮಾ, ಊಟ ಮಾಡು."

"ಮಾಡ್ತಿದ್ದೀನಿ. ನನಗೆ ಎರಡೂ ಒಟ್ಟಿಗೆ ಬರುತ್ತೆ."

ಮಗ ನಗಲು ಹೋಗಿ ಕೆಮ್ಮಿದ. ಪೆಪ್ಪರ್‌ಮೆಂಟಮ್ಮ ಯಾರ ಕಡೆಯೂ ನೋಡದೆ ಬಡಿಸಿದರು. ಸೊಸೆ ಆ ಹೊತ್ತನ್ನೇ ಕಾದಿದ್ದವಳು, "ಮುಂದಿನ ಗುರುವಾರ ಮತ್ತೆ ದಿನ ಕೊಟ್ಟಿದ್ದಾರೆ ಅತ್ತೆ. ಹೋಗ್ತೀರಾ?" ಎಂದಳು.

ಅತ್ತೆ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದರು. "ಹೋಗ್ತೀನಿ. ಆದ್ರೆ ಅವರಿಗೋಸ್ಕರ ಅಲ್ಲ. ನನಗೇ ಗೊತ್ತಾಗ್ಬೇಕು."

ಬುಧವಾರ ಒಲೆ ಆರಿಸಿಡಿ ಎಂದು ಮಗ ಹೇಳಿ ನೋಡಿದ. ಶುಕ್ರವಾರ ಮಾಲು ಕೊಡಬೇಕು, ಒಂದು ಕೊಪ್ಪರಿಗೆಯನ್ನಾದರೂ ತಾನೇ ನೋಡಿಕೊಳ್ಳುತ್ತೇನೆ ಎಂದರು ಯಜಮಾನರು. ಅಟ್ಟ ಹತ್ತಿ ಥರ್ಮಾಮೀಟರು ಹುಡುಕಿ ತಂದು, ಧೂಳು ಒರೆಸಿ, ಕನ್ನಡಕ ಏರಿಸಿ ಕೂತರು. ಹೆಂಡತಿ ಕೆಳಗಿಳಿಯಕೂಡದು ಎಂದು ಸೊಸೆಯ ಕಟ್ಟಪ್ಪಣೆ. ಅವಳು ರಜೆ ಹಾಕಿ ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಹನ್ನೊಂದರ ಹೊತ್ತಿಗೆ ವಾಸನೆ ಮೇಲಕ್ಕೆ ಬಂತು. ಮೊಟ್ಟೆ ಸುಲಿಯುತ್ತಿದ್ದ ಪೆಪ್ಪರ್‌ಮೆಂಟಮ್ಮ ಮೂಗೆತ್ತಿದರು. "ಹಸಿ ಇದೆ. ಈಗಲೇ ಇಳಿಸ್ತಿದ್ದಾರೆ. ಹೋಗಿ ಹೇಳೇ."

"ನೀವು ಸುಮ್ನಿರಿ. ಥರ್ಮಾಮೀಟರಿದೆ."

"ಸದ್ದು ಕೇಳಿಸ್ತಾ ಇಲ್ವಾ ನಿನಗೆ? ಗುಳ್ಳೆ ಇನ್ನೂ ದೊಡ್ಡದಿದೆ."

ಅಜ್ಜಿ ಕಿಟಕಿಯಿಂದ ಕೂಗಿದಳು, "ಲೋ, ಹಸಿಯಂತೆ ಕಣೋ!"

"ಕಡ್ಡಿ ಸರಿ ಇದೆ ಅಂತಿದೆ!" ಎಂದು ಕೆಳಗಿನಿಂದ ಉತ್ತರ ಬಂತು.

ಕಲ್ಲಿಗೆ ಸುರಿದದ್ದು ಸಂಜೆಯಾದರೂ ಬಿಲ್ಲೆಯಾಗಲಿಲ್ಲ. ಯಂತ್ರದ ಹಲ್ಲಿಗೆ, ಯಜಮಾನರ ಬೆರಳಿಗೆ, ಕೊನೆಗೆ ಕನ್ನಡಕದ ಕಡ್ಡಿಗೂ ಅಂಟಿಕೊಂಡಿತು. ಮಗ ಒಂದು ಉಂಡೆ ಮೇಲಕ್ಕೆ ತಂದು ತೋರಿಸಿದ. ಅಜ್ಜಿ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಚಪ್ಪಲಿ ಹೊಲಿಯೋರಿಗೆ ಕೊಡು, ಅಟ್ಟೆ ಅಂಟಿಸ್ತಾರೆ" ಎಂದಳು. ಪೆಪ್ಪರ್‌ಮೆಂಟಮ್ಮನಿಗೂ ನಗು ತಡೆಯಲಾಗಲಿಲ್ಲ. ತಿಂಗಳ ಮೇಲೆ ಆ ಮನೆಯಲ್ಲಿ ಆಕೆಯ ನಗು ಕೇಳಿಸಿದ್ದು ಅವತ್ತೇ.

ಗುರುವಾರ ಮತ್ತೆ ಆಟೋ. ಈ ಸಲ ಯಜಮಾನರು ಹೆಂಡತಿಯ ಕಡೆಗೆ ಗಾಳಿ ಹೊಡೆಯದ ಹಾಗೆ ಪರದೆ ಹಿಡಿದು ಕೂತರು. 

ನಡೆಸುವ ಕೋಣೆಗೆ ಗಾಜಿನ ಬಾಗಿಲಿತ್ತು. ಕಳೆದ ಸಲ ಅವರು ಹೊರಗೆ ಕೂತು ಪೇಪರು ಓದಿದ್ದರು. ಈಗ ಗಾಜಿನ ಹತ್ತಿರ ನಿಂತರು. ಪಟ್ಟಿ ಮೆಲ್ಲಗೆ ಓಡತೊಡಗಿತು, ಆಮೇಲೆ ಸ್ವಲ್ಪ ಏರಿತು. ಹೆಂಡತಿ ಕಂಬಿ ಹಿಡಿದು ನಡೆಯುತ್ತಿದ್ದರು. ನಾಲ್ಕನೆಯ ನಿಮಿಷಕ್ಕೆ ಬಲಗೈ ಕಂಬಿ ಬಿಟ್ಟು ಮೇಲೆದ್ದಿತು. ಎದೆಗೆ ಹೋಗಲಿಲ್ಲ, ದವಡೆಗೆ ಹೋಯಿತು. ಹಲ್ಲು ಕಿತ್ತ ಜಾಗಕ್ಕೇ.

ಆ ಕೈ ಹಾಗೆ ಹೋಗುವುದನ್ನು ಯಜಮಾನರು ಎಷ್ಟು ಸಲ ನೋಡಿಲ್ಲ! ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ, ಪಾಕ ಎಳೆಯುವಾಗ ಕೊಕ್ಕೆಯ ಮುಂದೆ. ಪ್ರತಿ ಸಲವೂ "ಲವಂಗ ಇಟ್ಕೋ" ಎಂದಿದ್ದರು.

ಒಳಗೆ ಹುಡುಗಿ ಔಷಧಿ ಬಿಟ್ಟಳು. ಪಟ್ಟಿ ನಿಂತಿತು.

ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆದು ಪರದೆ ತಿರುಗಿಸಿದರು. ಕಪ್ಪಾದ ಒಂದು ಬಳೆಯ ಆಕಾರ. ಅದರ ಮುಂಭಾಗದಲ್ಲಿ ಮಾತ್ರ, ಬೂದಿಯಡಿ ಉಳಿದ ಕೆಂಡದ ಹಾಗೆ, ಒಂದು ತುಣುಕು ಹೊಳೆಯುತ್ತಿತ್ತು.

"ಈ ಸಲ ಪಥ್ಯ ಚೆನ್ನಾಗಿ ಮಾಡಿದ್ದೀರ, ಚಿತ್ರ ಸ್ಪಷ್ಟವಾಗಿ ಬಂದಿದೆ," ಎಂದರು ಡಾಕ್ಟರು. "ಇಷ್ಟು ಭಾಗಕ್ಕೆ ರಕ್ತ ಸಾಲ್ತಿಲ್ಲ. ಹಸಿದಿದೆ, ಅದಕ್ಕೇ ಸಕ್ಕರೆ ಎಳ್ಕೊಂಡಿದೆ. ನಿಮ್ಮ ದವಡೆ ನೋವು ಇಲ್ಲಿಂದಾನೇ ಬಂದಿದ್ದು. ಹೆಂಗಸರಲ್ಲಿ ಎಷ್ಟೋ ಸಲ ಹೀಗೇ ಬರುತ್ತೆ."

"ಸತ್ತುಹೋಗಿದೆಯಾ ಆ ಭಾಗ?" ಯಜಮಾನರು ಪರದೆಯ ಹತ್ತಿರ ಬಾಗಿ ಕೇಳಿದರು.

"ಇಲ್ಲ. ಸತ್ತಿದ್ರೆ ಏನೂ ಕೇಳ್ತಿರಲಿಲ್ಲ. ಕೇಳ್ತಾ ಇದೆ ಅಂದ್ರೆ ಜೀವ ಇದೆ. ಸೋಮವಾರ ರಕ್ತನಾಳದೊಳಗೆ ನಳಿಕೆ ಹಾಕಿ ನೋಡೋಣ, ಎಲ್ಲಿ ಕಟ್ಟಿದೆಯೋ ಅಲ್ಲಿ ಬಿಡಿಸೋಣ. ಅಲ್ಲಿವರೆಗೆ ಮೆಟ್ಟಿಲು ಬೇಡ, ಭಾರ ಬೇಡ, ಒಲೆ ಮುಂದೆ ಕೂರೋದೂ ಬೇಡ. ನೋವು ಹೆಚ್ಚಾದ್ರೆ ಕಾಯಬೇಡಿ, ನೇರ ಬನ್ನಿ." ಫಾರಂ ನೋಡುತ್ತ ಕೇಳಿದರು, "ಮನೆಕೆಲಸ ಮಾಡೋಕೆ ಯಾರಾದ್ರೂ ಇದ್ದಾರಾ?"

"ಅವಳು ಮನೆಕೆಲಸವಷ್ಟೇ ಮಾಡೋಳಲ್ಲ ಡಾಕ್ಟ್ರೇ," ಎಂದರು ಯಜಮಾನರು. "ಪೆಪ್ಪರ್‌ಮೆಂಟು ಮಾಡ್ತಾಳೆ. ಅದನ್ನೂ ಬರ್ಕೊಳ್ಳಿ."

ಪೆಪ್ಪರ್‌ಮೆಂಟಮ್ಮ ಅವರತ್ತ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡರು.

ಸಂಜೆ ಆರರವರೆಗೆ ಮೇಲೆ ಹೋಗುವ ಹಾಗಿಲ್ಲ, ಸೊಸೆ ಇದ್ದಾಳೆ. ಇಬ್ಬರೂ ಕಾರ್ಖಾನೆಯ ಮುಂದಿನ ಬೆಂಚಿನ ಮೇಲೆ ಕೂತರು. ಒಳಗೆ ಒಲೆ ತಣ್ಣಗಿತ್ತು. ಮಗ ಮೇಲಿನಿಂದ ಬ್ರೆಡ್ಡು, ಆಮ್ಲೆಟ್ಟು ತಂದಿಟ್ಟ.

"ಮತ್ತೆ ಮೊಟ್ಟೆನಾ?" ಎಂದರು ಪೆಪ್ಪರ್‌ಮೆಂಟಮ್ಮ.

"ಬ್ರೆಡ್ಡಿದೆಯಲ್ಲಮ್ಮ, ಹಬ್ಬ ಮಾಡು," ಎಂದು ಮಗ ತಾಯಿಯ ಭುಜ ಮುಟ್ಟಿ, "ಹೋಟೆಲಿನವರಿಗೆ ಫೋನ್ ಮಾಡಿದೆ ಅಪ್ಪಾ. ತಿಂಗಳು ಕಾಯ್ತಾರಂತೆ," ಎಂದು ಹೇಳಿ ಹೋದ.

 ಎದುರಿನ ಸೈಕಲ್ ಅಂಗಡಿಯವನು ಒಂದು ಚಕ್ರವನ್ನು ತಿರುಗಿಸಿ ಬಿಟ್ಟು, ಅದು ನಿಲ್ಲುವವರೆಗೂ ನೋಡಿ, ಮತ್ತೆ ತಿರುಗಿಸುತ್ತಿದ್ದ.

"ನನ್ನದು ತಪ್ಪಾಯ್ತು," ಎಂದರು ಯಜಮಾನರು, ಆ ಚಕ್ರವನ್ನೇ ನೋಡುತ್ತ.

ಹೆಂಡತಿ ಬ್ರೆಡ್ಡಿನ ಅಂಚು ಮುರಿದರು. "ಈಗ ಹೇಳ್ತೀರಿ. ಮೂವತ್ತೆರಡು ವರ್ಷ ಪಕ್ಕದಲ್ಲಿ ಕೂತೋಳ ಮಾತು ಸಾಲಲಿಲ್ಲ. ಬೇರೆ ಊರಿಂದ ಔಷಧಿ ತರಿಸಿ, ಫೋಟೋ ತೆಗೆಸಿ, ಡಾಕ್ಟರು ಬೆರಳಿಟ್ಟು ತೋರಿಸ್ಬೇಕಾಯ್ತು. ಅದ್ರಲ್ಲಿ ಏನೂ ಕಾಣದೆ ಇದ್ದಿದ್ರೆ?"

ಯಜಮಾನರು ಬೆರಳಿಗೆ ಇನ್ನೂ ಅಂಟಿಕೊಂಡಿದ್ದ ನಿನ್ನೆಯ ಪಾಕವನ್ನು ಉಜ್ಜಿದರು.

"ಕಾಣದೆ ಇದ್ದಿದ್ರೆ ನಾನು ಸಾಯೋವರೆಗೂ ನಾಟಕದವಳೇ," ಎಂದರು ಆಕೆ. ಸಿಟ್ಟಿರಲಿಲ್ಲ ಧ್ವನಿಯಲ್ಲಿ, ಹದ ಹೇಳುವಷ್ಟೇ ನೇರವಾಗಿತ್ತು. "ಅದು ನನಗೆ ನೋವಿಗಿಂತ ಹೆಚ್ಚು ಆಯ್ತು ರೀ."

ಚಕ್ರ ಇನ್ನೊಂದು ಸುತ್ತು ಬಂದು ನಿಂತಿತು. ಯಜಮಾನರು ಬೆಂಚಿನ ಮೇಲೆ ಹೆಂಡತಿಯ ಕಡೆಗೆ ತಿರುಗಿ ಕೂತರು.

"ಹೇಳು," ಎಂದರು.

"ಏನು ಹೇಳೋದು?"

"ಮೊದಲನೇ ಸಲ ಯಾವಾಗ ಬಂತು? ಮೊದಲಿಂದ ಹೇಳು."

"ಫೋಟೋದಲ್ಲಿ ಇದೆಯಲ್ಲ. ಇನ್ನೇನು?"

"ಫೋಟೋದಲ್ಲಿ ಇವತ್ತಿಂದು ಮಾತ್ರ ಇದೆ. ನಾನು ನಿನ್ನ ಬಾಯಿಂದ ಕೇಳಿಲ್ಲ."

ಪೆಪ್ಪರ್‌ಮೆಂಟಮ್ಮ ಗಂಡನ ಮುಖವನ್ನು ನೋಡಿದರು. ತಮಾಷೆಯೋ, ಸಮಾಧಾನ ಮಾಡುವ ಉಪಾಯವೋ ಎಂದು ಹುಡುಕಿದರು. ಎರಡೂ ಕಾಣಲಿಲ್ಲ. ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಸಕ್ಕರೆ ಮೂಟೆ ಇಳಿಸಿದ ದಿನ," ಎಂದು ಶುರುಮಾಡಿದರು. "ನೀವು ಲಾರಿಯವನ ಹತ್ತಿರ ಮಾತಾಡ್ತಾ ಇದ್ರಿ. ನಾನು ಒಳಗೆ ಜಾಗ ಮಾಡ್ತಿದ್ದೆ. ಇಲ್ಲಿ, ಕಿವಿ ಕೆಳಗೆ, ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯ್ತು. ಆಮೇಲೆ ಉಸಿರು ಅರ್ಧಕ್ಕೇ ನಿಂತ್ಕೊಳ್ತು. ನಿಮ್ಮನ್ನ ಕೂಗಿದೆ. ಲಾರಿ ಸದ್ದಿಗೆ ಕೇಳಿಸಲಿಲ್ಲ..."

ಆಕೆ ಹೇಳುತ್ತ ಹೋದರು. ಎರಡನೆಯ ಸಲದ್ದು, ಹಲ್ಲು ಕೀಳಿಸಿಕೊಂಡ ದಿನದ್ದು, ಒಂಬತ್ತನೆಯ ಮೆಟ್ಟಿಲಿನದು. ಯಜಮಾನರು ಒಂದು ಸಲವೂ ಬಾಯಿ ಹಾಕಲಿಲ್ಲ. ಬಿಸಿಲು ಸೈಕಲ್ ಅಂಗಡಿಯ ಮಾಡಿನಿಂದ ಇಳಿದು ಬೀದಿಯ ಆಚೆಗೆ ಸರಿಯಿತು.

ಮೇಲಿನ ಕಿಟಕಿ ತೆರೆಯಿತು. "ಮಾವ, ಆರೂವರೆ ಆಯ್ತು! ಇನ್ನು ಮನೆಯೊಳಗೆ ಬರಬಹುದು. ಮೆಟ್ಟಿಲು ಹತ್ತೋ ಕೆಲಸ ಬೇಡ, ನೀವೂ ಇವರೂ ಸೇರಿ ಕುರ್ಚೀಲಿ ಎತ್ಕೊಂಡು ಬನ್ನಿ ಅತ್ತೇನ. ಇವರನ್ನ ಕಳಿಸ್ಲಾ?"

ಯಜಮಾನರು ತಲೆಯೆತ್ತದೆ, ಕೈ ಮಾತ್ರ ಮೇಲಕ್ಕೆತ್ತಿ ತಡೆದರು.

"ಸ್ವಲ್ಪ ತಡಿಯಮ್ಮ. ನಿಮ್ಮತ್ತೆ ಮಾತಾಡ್ತಿದ್ದಾಳೆ." ಮತ್ತೆ ಹೆಂಡತಿಯ ಕಡೆಗೆ ಬಾಗಿ, "ಆಮೇಲೆ?" ಎಂದರು.